ಸರಪಳಿ ಎಟುಕುವಷ್ಟು ಸೇತುವೆ

ಹೊತ್ತುಕೊಂಡು ಹೋಗಬಹುದು ಎಂಬ ಒಂದೇ ಕಾರಣಕ್ಕಾಗಿ ಸೇತುವೆ ಇಲಾಖೆಯ ಕಾಲುವೆ ಉಪವಿಭಾಗವು ಮ್ಯಾಗ್ನೆಟ್ ಡ್ರಿಲ್ ಯಂತ್ರವೊಂದನ್ನು ಖರೀದಿಸಿತು ಎಂಬುದೂ, ಖರೀದಿಸಿದ ದಿನದಿಂದ ಇಂದಿನವರೆಗೆ ಆ ಯಂತ್ರವು ಉಗ್ರಾಣದ ಕಂಬಕ್ಕೆ ಬಿಗಿದ ಸರಪಳಿಯಿಂದ ಬಿಡುಗಡೆ ಹೊಂದಿಲ್ಲ ಎಂಬುದೂ ಯಾರೂ ಅಲ್ಲಗಳೆಯದ ಸಂಗತಿಗಳಾಗಿವೆ. ಇವೆರಡರ ನಡುವೆ ವಿರೋಧವಿದೆ ಎಂದು ಹೊರಗಿನವರಿಗೆ ತೋರಬಹುದು. ಒಳಗಿನವರಿಗೆ ಹಾಗೆ ತೋರಿಲ್ಲ.

ಯಂತ್ರವನ್ನು ಕಾಣದವರಿಗಾಗಿ ಒಂದು ಮಾತು. ಸಾಧಾರಣ ಡ್ರಿಲ್ಲನ್ನು ಕೈಯಲ್ಲಿ ಹಿಡಿದು ದಪ್ಪ ಉಕ್ಕಿನ ತೊಲೆಗೆ ದೊಡ್ಡ ತೂತು ಕೊರೆಯಲು ಹೋದರೆ ತೂತು ಬೀಳುವುದಕ್ಕಿಂತ ಮೊದಲು ಕೈ ತಿರುಚಿಕೊಳ್ಳುತ್ತದೆ. ಮ್ಯಾಗ್ನೆಟ್ ಡ್ರಿಲ್ಲಿನ ಬುಡದಲ್ಲಿ ಕರೆಂಟಿನಿಂದ ನಡೆಯುವ ಅಯಸ್ಕಾಂತವಿರುತ್ತದೆ. ತೊಲೆಯ ಮೇಲಿನ ಬಣ್ಣ, ತುಕ್ಕು ಕೆರೆದು, ಯಂತ್ರವನ್ನಿಟ್ಟು ಸ್ವಿಚ್ ಒತ್ತಿದರೆ ಟಪ್ಪೆಂದು ಕಚ್ಚಿಕೊಳ್ಳುತ್ತದೆ. ತೊಲೆ ಮಲಗಿದ್ದರೂ ಸರಿ, ನಿಂತಿದ್ದರೂ ಸರಿ, ತಲೆಯ ಮೇಲಿದ್ದರೂ ಸರಿ. ಬಳೆಯಂಥ ಕಟರ್ ಇಳಿದು, ನಡುವಿನ ಉಕ್ಕನ್ನು ಬಿಲ್ಲೆ ಮಾಡಿ ಉದುರಿಸಿ, ನುಣ್ಣನೆಯ ತೂತು ಬಿಟ್ಟು ಮೇಲೇಳುತ್ತದೆ. ಕರೆಂಟ್ ಹೋದರೆ ಮಾತ್ರ ಅಯಸ್ಕಾಂತ ಹಿಡಿತ ಸಡಿಲಿಸುತ್ತದೆ, ಯಂತ್ರ ದೊಪ್ಪನೆ ಕೆಳಗೆ ಬೀಳುತ್ತದೆ. ಹಾಗಾಗಬಾರದೆಂದು, ಕೊರೆಯುವ ತೊಲೆಗೇ ಸುತ್ತಿ ಬಿಗಿಯಲು ಒಂದು ಸರಪಳಿಯನ್ನು ಜೊತೆಗೆ ಕೊಟ್ಟಿರುತ್ತಾರೆ. ಕಾಲುವೆ ಉಪವಿಭಾಗದ ಮುಂದಿನ ಚರಿತ್ರೆಯೆಲ್ಲ ಈ ಸರಪಳಿಯದು.

ಯಂತ್ರ ಬೇಕೆಂದು ಬೇಡಿಕೆ ಇಟ್ಟವರು ಉಪವಿಭಾಗದ ಸಹಾಯಕ ಎಂಜಿನಿಯರು. ಅವರ ಹೆಸರು ಹಿಡಿದು ಕರೆಯುವವರು ಕಚೇರಿಯಲ್ಲಿಲ್ಲ. ಎಲ್ಲರಿಗೂ ಅವರು ‘ಆಗಲಿ ಸಾರ್’. ಮೇಲಿನವರು ಏನು ಹೇಳಿದರೂ ಅವರ ಬಾಯಿಂದ ಬರುವ ಮಾತು ಅದೊಂದೇ ಆದ್ದರಿಂದ ಜನ ಅದನ್ನೇ ಅವರಿಗೆ ಅಂಟಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆ ಇದ್ದಾರೆ. ಆಗಲಿ ಸಾರ್ ಅವರು ಕಟ್ಟಿ, ಹುಲ್ಲು ಹಾಕಿ, ಹಾಲು ಕರೆಯಲು ಚೊಂಬು ಹಿಡಿದು ಕೂರುವ ಪೈಕಿ.

ಆದರೂ ಈ ಬೇಡಿಕೆ ಅವರು ಸ್ವಂತ ಬುದ್ಧಿಯಿಂದ ಇಟ್ಟದ್ದು, ಅದಕ್ಕೆ ಕಾರಣ ಮನೆಯಲ್ಲಿತ್ತು. ಅವರ ಮಗಳು ಬಸುರಿ. ಆಸ್ಪತ್ರೆ ಇರುವುದು ಕಾಲುವೆಯ ಆ ದಡದಲ್ಲಿ. ನಡುವೆ ಒಂದು ಉಕ್ಕಿನ ಕಾಲುಸೇತುವೆ. ಅದರ ಮೇಲೆ ಹಾಸಿದ ಹಲಗೆಗಳ ಬೋಲ್ಟುಗಳು ತುಕ್ಕು ತಿಂದು ಹೋಗಿ, ಹೆಜ್ಜೆ ಇಟ್ಟರೆ ಈ ತುದಿ ಕೆಳಗೆ, ಆ ತುದಿ ಮೇಲೆ. ಸುತ್ತಿಕೊಂಡು ಹೋಗುವುದಾದರೆ ಅಣೆಕಟ್ಟಿನ ದಾರಿ. ಅರ್ಧ ದಿನ ಹಿಡಿಯುತ್ತದೆ. ಹೆರಿಗೆ ನೋವು ಅರ್ಧ ದಿನ ಕಾಯುತ್ತದೆಯೋ ಇಲ್ಲವೋ ಎಂಬ ಬಗ್ಗೆ ಇಲಾಖೆಯಲ್ಲಿ ಯಾವ ಮಾರ್ಗಸೂಚಿಯೂ ಇರಲಿಲ್ಲ.

“ಅವಳನ್ನ ಆ ಸೇತುವೆ ಮೇಲೆ ಹೇಗ್ರೀ ಕರ್ಕೊಂಡು ಹೋಗೋದು?” ಎಂದು ಹೆಂಡತಿ ಕೇಳಿದ್ದರು. “ನಾನೇ ಸೊಪ್ಪಿನ ಚೀಲ ಹಿಡ್ಕೊಂಡು ಬರೋವಾಗ ನಿನ್ನೆ ಒಂದು ಕಾಲು ಒಳಗೆ ಹೋಯ್ತು. ಸೇತುವೆ ಎಂಜಿನಿಯರ್ ಹೆಂಡ್ತಿ ಕಾಲುವೇಲಿ ಬಿದ್ದು ಸತ್ಲು ಅಂದ್ರೆ ನಿಮಗೇ ನಾಚಿಕೆ.”

“ಒಂದು ಮಧ್ಯಾಹ್ನದ ಕೆಲಸ ಕಣೇ. ತೊಲೆಗೆ ಹೊಸ ತೂತು ಕೊರೆದು, ಹೊಸ ಬೋಲ್ಟ್ ಹಾಕಿದ್ರೆ ಮುಗೀತು. ಮ್ಯಾಗ್ನೆಟ್ ಡ್ರಿಲ್ ಒಂದು ಬಂದುಬಿಡಲಿ.”

ಮ್ಯಾಗ್ನೆಟ್ ಡ್ರಿಲ್ ಬಂತು. ನೀಲಿ ಪೆಟ್ಟಿಗೆ, ಒಳಗೆ ಹಿಡಿಕೆ, ಕಟರ್, ಎಣ್ಣೆಯ ಬಾಟಲಿ, ಸರಪಳಿ, ಮತ್ತು ಒಂದು ಸೂಚನಾ ಪುಸ್ತಿಕೆ. ಆಗಲಿ ಸಾರ್ ಅವರು ಫಿಟ್ಟರನನ್ನು ಜೊತೆಗೆ ಕರೆದುಕೊಂಡು ಉಗ್ರಾಣಕ್ಕೆ ಹೋದಾಗ ಉಗ್ರಾಣದ ಅಧಿಕಾರಿ, ಎಲ್ಲರೂ ‘ಉಗ್ರಾಣಿ’ ಎನ್ನುವವರು, ಪುಸ್ತಿಕೆ ಓದಿ ಮುಗಿಸಿದ್ದರು. ಯಂತ್ರವನ್ನು ಉಗ್ರಾಣದ ನಡುವಿನ ಉಕ್ಕಿನ ಕಂಬಕ್ಕೆ ಸರಪಳಿಯಿಂದ ಸುತ್ತಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

“ಇದೇನು ಸ್ವಾಮಿ?” ಎಂದರು ಆಗಲಿ ಸಾರ್.

“ಸುರಕ್ಷತಾ ಸರಪಳಿ,” ಎಂದರು ಉಗ್ರಾಣಿ. “ಇಲ್ಲಿ ನೋಡಿ, ಬರೆದಿದ್ದಾರೆ. ಯಂತ್ರವನ್ನು ಯಾವಾಗಲೂ ಸರಪಳಿಯಿಂದ ಭದ್ರವಾದ ಆಧಾರಕ್ಕೆ ಬಿಗಿದಿರಬೇಕು. ನಮ್ಮ ಉಗ್ರಾಣದಲ್ಲಿ ಈ ಕಂಬಕ್ಕಿಂತ ಭದ್ರವಾದ್ದು ಇನ್ನೊಂದಿಲ್ಲ.”

“ಅದು ಸೇತುವೆಗೆ ಬಿಗೀಬೇಕು ಅಂತ. ಕೆಲಸ ಮಾಡೋ ಜಾಗದಲ್ಲಿ.”

“ಸೇತುವೆ ಭದ್ರವಾಗಿದ್ದಿದ್ರೆ ನೀವ್ಯಾಕೆ ಈ ಯಂತ್ರ ತರಿಸ್ತಿದ್ರಿ?”

ಉಗ್ರಾಣಿಯ ಕಡೆಯಿಂದ ನೋಡಿದರೆ ಇದರಲ್ಲಿ ಹುಚ್ಚೇನೂ ಇರಲಿಲ್ಲ. ಅವರ ಹಿಂದಿದ್ದ ಉಗ್ರಾಣಿ ಒಂದು ಏಣಿಯನ್ನು ಕೆಲಸಕ್ಕೆಂದು ಹೊರಗೆ ಕೊಟ್ಟು, ಅದು ವಾಪಸು ಬಾರದೆ, ನಿವೃತ್ತಿಯಾಗುವವರೆಗೆ ಏಣಿಯ ವಿಚಾರಣೆಗೆ ಅಲೆದು, ಕೊನೆಗೆ ಮನೆಯ ಅಟ್ಟ ಹತ್ತಲೂ ಏಣಿ ಮುಟ್ಟದಷ್ಟು ಹೆದರಿಹೋಗಿದ್ದರು. ಆವತ್ತಿನಿಂದ ಹೊರಗೆ ಹೋದ ವಸ್ತು ಹಾಳಾಗುತ್ತದೆ, ಒಳಗಿದ್ದ ವಸ್ತು ಉಳಿಯುತ್ತದೆ ಎಂಬ ನಂಬಿಕೆ ಉಗ್ರಾಣದಲ್ಲಿ ಬೇರುಬಿಟ್ಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಹತ್ತಿರ ಬೀಗವೂ ಇತ್ತು.

ವಿಷಯ ಸಾಹೇಬರ ಮುಂದೆ ಹೋಯಿತು. ಉಪವಿಭಾಗದ ಮುಖ್ಯಸ್ಥರಾದ ಸಾಹೇಬರು ಉಗ್ರಾಣಕ್ಕೆ ಬಂದು, ಸರಪಳಿಯನ್ನು ಒಂದು ಸಲ ಎಳೆದು ನೋಡಿ, ಅದು ಬಾರದಿರುವುದನ್ನು ಕಂಡು ಸಂತೋಷಪಟ್ಟರು.

“ಸುರಕ್ಷತೆ ವಿಷಯದಲ್ಲಿ ನಾವು ರಾಜಿ ಆಗಬಾರದು ನೋಡ್ರಿ. ಏನಂತೀರಿ?”

“ಆಗಲಿ ಸಾರ್,” ಎಂದರು ಆಗಲಿ ಸಾರ್.

ಫಿಟ್ಟರನೂ ಒಪ್ಪಿದ. ಕಾಲುವೆಯ ಮೇಲೆ ಬಿಸಿಲಲ್ಲಿ ನೇತಾಡಿಕೊಂಡು ಕೊರೆಯುವುದಕ್ಕಿಂತ ಕಂಬದ ಪಕ್ಕ, ಫ್ಯಾನಿನ ಕೆಳಗೆ, ಸ್ಟೂಲಿನ ಮೇಲೆ ಕೂತು ಕೊರೆಯುವುದು ಕಸುಬಿಗೆ ಹೆಚ್ಚು ಗೌರವ ತರುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಏನನ್ನು ಕೊರೆಯುವುದು ಎಂದು ಅವನನ್ನು ಯಾರೂ ಕೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ.

ಆ ಪ್ರಶ್ನೆ ಎತ್ತಿದ್ದು ಕೇಂದ್ರ ಕಚೇರಿ. ಯಂತ್ರ ಕೊಂಡಾಗಿದೆ, ಕೊರೆದ ತೂತುಗಳ ಪ್ರಗತಿ ಏನು ಎಂದು ಅಲ್ಲಿಂದ ವಿಚಾರಣೆ ಬಂತು. ಸಾಹೇಬರು ಮುಖ ಗಂಭೀರ ಮಾಡಿಕೊಂಡು ಉಗ್ರಾಣಕ್ಕೆ ಬಂದರು. ಸರಪಳಿ ಎಟುಕುವಷ್ಟು ದೂರದಲ್ಲಿ ಉಕ್ಕಿನದು ಎಂದು ಇದ್ದದ್ದು ಒಂದೇ ವಸ್ತು, ಸರಪಳಿ ಸುತ್ತಿದ್ದ ಕಂಬ. ಅಂದಿನಿಂದ ಫಿಟ್ಟರ್ ಕಂಬವನ್ನು ಕೊರೆಯತೊಡಗಿದ. ಬಣ್ಣ ಕೆರೆದ, ತೂತಿನ ಜಾಗಕ್ಕೆ ಗುರುತಿನ ಚುಕ್ಕೆ ಕುಟ್ಟಿದ, ಎಣ್ಣೆ ಬಿಟ್ಟ. ಕೆಲಸ ಮಾತ್ರ ಬಹಳ ಅಚ್ಚುಕಟ್ಟು. ಉಕ್ಕಿನ ಬಿಲ್ಲೆಗಳು ಹೊಳೆಯುತ್ತ ಟಣ್ ಟಣ್ ಎಂದು ನೆಲಕ್ಕೆ ಉದುರಿದವು. ಸಾಹೇಬರು ಅವುಗಳಲ್ಲೊಂದನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡರು. ಕೇಂದ್ರ ಕಚೇರಿಯಿಂದ ಮೆಚ್ಚುಗೆ ಬಂತು. ವರ್ಷಕ್ಕೆ ಮಂಜೂರಾದ ತೂತುಗಳನ್ನು ವರ್ಷ ಅರ್ಧವಾಗುವ ಮೊದಲೇ ಮುಗಿಸಿದ ಮೊದಲ ಉಪವಿಭಾಗ ಇದಾಗಿತ್ತು.

ಮನೆಯಲ್ಲಿ ಮೆಚ್ಚುಗೆ ಇರಲಿಲ್ಲ.

“ತೂತು ಕೊರೆದ್ರಾ?” ಎಂದು ಹೆಂಡತಿ ಕೇಳಿದರು.

“ಎಲ್ಲಾ ಮುಗೀತು.”

“ಮತ್ತೆ ಸೇತುವೆ ಹಲಗೆ ಹಾಗೇ ಎಗರ್ತಿದೆಯಲ್ಲ?”

“ತೂತು ಕೊರೆದಿದ್ದು ಕಂಬಕ್ಕೆ.”

“ಯಾವ ಕಂಬಕ್ಕೆ?”

“ಉಗ್ರಾಣದ ಕಂಬಕ್ಕೆ.”

ಹೆಂಡತಿ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದರು. “ಅಂದ್ರೆ ನನ್ನ ಮಗಳು ಕಂಬದ ಮೇಲೆ ನಡ್ಕೊಂಡು ಆಸ್ಪತ್ರೆಗೆ ಹೋಗ್ಬೇಕಾ? ನಿಮ್ಮ ಆಫೀಸಲ್ಲಿ ತಲೆ ಅನ್ನೋದು ಒಬ್ಬರಿಗಾದ್ರೂ ಇದೆಯಾ, ಇಲ್ಲ ಅದನ್ನೂ ಬೀಗ ಹಾಕಿ ಇಟ್ಟಿದ್ದೀರಾ?”

ಒಳಗಿನ ಕೋಣೆಯಲ್ಲಿ ಮಗಳು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಕಾಲು ಊದಿಕೊಂಡಿದ್ದವು. “ಅಪ್ಪಾ, ಇನ್ನೇನು ಬಂದುಬಿಡ್ತು, ಬೇಗ ಮಾಡ್ಸಪ್ಪ,” ಎಂದಳು ಅಷ್ಟೇ. ಆ ಮಾತು ಆಗಲಿ ಸಾರ್ ಅವರಿಗೆ ಚುಚ್ಚಿತು. ಚುಚ್ಚಿದ್ದು ನಿಜ; ಅವರು ಕಲ್ಲಲ್ಲ. ಮಾರನೆಯ ದಿನ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿಯೇಬಿಡುತ್ತೇನೆಂದು ಅವರು ಸ್ನಾನ ಮಾಡುವಾಗ ನಿರ್ಧರಿಸಿದರು, ಅಂಗಿ ಹಾಕಿಕೊಳ್ಳುವಾಗಲೂ ಆ ನಿರ್ಧಾರ ಇತ್ತು.

ಸಭೆಯಲ್ಲಿ ಸಾಹೇಬರು, ಉಗ್ರಾಣಿ, ಆಗಲಿ ಸಾರ್ ಮತ್ತು ಬಾಮೈದ ಇದ್ದರು. ಬಾಮೈದ ಎಂದರೆ ಸಾಹೇಬರ ಹೆಂಡತಿಯ ತಮ್ಮ. ಉಪವಿಭಾಗದ ಎಲ್ಲ ಕಾಮಗಾರಿಗಳ ಕಂಟ್ರಾಕ್ಟರ್ ಅವನೇ. ಕಾಮಗಾರಿ ಇಲ್ಲದಾಗ ಅದನ್ನು ಹುಡುಕಿಕೊಡುವವನೂ ಅವನೇ.

ಆಗಲಿ ಸಾರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. “ಸಾರ್, ಸರಪಳಿ ಒಂದು ಬಿಚ್ಚಿಕೊಟ್ರೆ, ಯಂತ್ರ ಸೇತುವೆ ಹತ್ರ ತಗೊಂಡು ಹೋಗಿ, ಒಂದೇ ಮಧ್ಯಾಹ್ನದಲ್ಲಿ…”

“ಸುರಕ್ಷತೆ?” ಎಂದರು ಉಗ್ರಾಣಿ.

“ಅದೇ ತೊಡಕು,” ಎಂದರು ಸಾಹೇಬರು. “ಯಂತ್ರ ಸೇತುವೆ ಹತ್ರ ಹೋಗೋ ಹಾಗಿಲ್ಲ. ಹಾಗಂತ ಸೇತುವೆ ಕೆಲಸ ಬಿಡೋ ಹಾಗೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

ಬಾಮೈದ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಹೇಳಿದ: “ಅದಕ್ಕೆ ಯಾಕೆ ಭಾವ ಇಷ್ಟು ಯೋಚನೆ? ಸೇತುವೇನೇ ಯಂತ್ರದ ಹತ್ರ ತಂದ್ರಾಯ್ತು.”

ಸಾಹೇಬರು ಬಾಮೈದನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಸೇತುವೆ ಬಿಚ್ಚುವ ಕಾಮಗಾರಿ, ಕ್ರೇನಿನಲ್ಲಿ ಎತ್ತುವ ಕಾಮಗಾರಿ, ಲಾರಿಯಲ್ಲಿ ಸಾಗಿಸುವ ಕಾಮಗಾರಿ, ಇಳಿಸುವ ಕಾಮಗಾರಿ, ಆಮೇಲೆ ಇವೆಲ್ಲವನ್ನೂ ಹಿಂದುಮುಂದಾಗಿ ಮಾಡುವ ಕಾಮಗಾರಿ: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರೆ ಕೊಡಲಿಯವನ ಮನೆ ಬೆಳಗುತ್ತದೆ.

“ನೀವೇನೋ ಹೇಳ್ತಿದ್ರಿ,” ಎಂದು ಸಾಹೇಬರು ಆಗಲಿ ಸಾರ್ ಅವರ ಕಡೆ ತಿರುಗಿದರು.

ಆಗಲಿ ಸಾರ್ ನಿಂತೇ ಇದ್ದರು. ಮಗಳ ಊದಿದ ಕಾಲು ಕಣ್ಣ ಮುಂದೆ ಬಂತು. ‘ಇದು ಹುಚ್ಚು’ ಎಂಬ ಮಾತು ಎದೆಯಿಂದ ಹೊರಟು ಗಂಟಲವರೆಗೂ ಬಂತು. ಅಲ್ಲಿಂದ ಆಚೆಗೆ ಅದಕ್ಕೆ ದಾರಿ ಗೊತ್ತಿರಲಿಲ್ಲ.

“ಆಗಲಿ ಸಾರ್,” ಎಂದು ಕೂತರು.

ವಾರದೊಳಗೆ ಈ ಪ್ರಕಟಣೆ ಹೊರಬಿತ್ತು:

‘ಸಾರ್ವಜನಿಕರ ಸುರಕ್ಷಿತ ಸಂಚಾರದ ದೃಷ್ಟಿಯಿಂದ ಕಾಲುಸೇತುವೆಯನ್ನು ಸದರಿ ಸ್ಥಳದಿಂದ ತೆಗೆಯಲಾಗುವುದು. ಸೇತುವೆ ಇಲ್ಲದ ಅವಧಿಯಲ್ಲಿ ಸೇತುವೆಯಿಂದ ಯಾರೂ ಬೀಳುವ ಸಂಭವ ಇರುವುದಿಲ್ಲವಾದ್ದರಿಂದ ಸಾರ್ವಜನಿಕರು ಆತಂಕಪಡಬೇಕಾಗಿಲ್ಲ. ಕಾಲುವೆ ಎಂದಿನಂತೆ ಇರುತ್ತದೆ.’

ಕ್ರೇನ್ ಬಂತು. ಸೇತುವೆ ತುಂಡಾಗಿ ಲಾರಿ ಏರಿತು. ಎರಡೂ ದಡದ ಜನ ನಿಂತು ನೋಡಿದರು. ಮದುವೆಯ ದಿಬ್ಬಣ ನೋಡಿದ ಹಾಗೆ ನೋಡಿ, ಆಮೇಲೆ ತಾವು ಯಾವ ದಡದಲ್ಲಿ ಉಳಿದೆವು ಎಂದು ಯೋಚಿಸಿದರು. ತೊಲೆಗಳು ಕಚೇರಿಯ ಅಂಗಳ ಸೇರಿದವು. ಅವುಗಳ ತುದಿ ಯಂತ್ರದ ಸರಪಳಿಗೆ ಎಟುಕಬೇಕಲ್ಲ, ಅದಕ್ಕಾಗಿ ಉಗ್ರಾಣದ ಮುಂಗೋಡೆ ಒಡೆಯುವ ಕಾಮಗಾರಿಯೊಂದನ್ನು ಬಾಮೈದ ಸಂಕಟದಿಂದ ಒಪ್ಪಿಕೊಂಡ.

ತೊಲೆಯ ತುದಿಯನ್ನು ಕಂಬದ ಬುಡಕ್ಕೆ ತಂದಿಟ್ಟು, ಫಿಟ್ಟರ್ ಬಣ್ಣ ಕೆರೆದು, ಇನ್ನೇನು ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಮೇಲೆ ಏನೋ ಕಿರ್ರೆಂದಿತು. ಎಲ್ಲರೂ ತಲೆ ಎತ್ತಿದರು. ಉಗ್ರಾಣದ ಛಾವಣಿ ಒಂದು ಗೇಣು ಕೆಳಗೆ ಬಂದಿತ್ತು. ಕಂಬ ಅದನ್ನು ಹೊತ್ತು ನಿಂತಿತ್ತು ನಿಜ. ಆದರೆ ಆ ಕಂಬದಲ್ಲೀಗ ಉಕ್ಕಿಗಿಂತ ತೂತೇ ಹೆಚ್ಚಿತ್ತು. ಗೋಡೆಯನ್ನು ಒಡೆದು ಹಾಕಿದ್ದರಿಂದ ಅದಕ್ಕೆ ಜೊತೆಗಾರರೂ ಇರಲಿಲ್ಲ.

“ಛಾವಣಿ ಬಿದ್ರೆ ಯಂತ್ರದ ಮೇಲೆ ಬೀಳುತ್ತೆ!” ಎಂದು ಉಗ್ರಾಣಿ ಕೂಗಿದರು. ಫಿಟ್ಟರ್ ಕೂಡ ಅದರ ಕೆಳಗೇ ಇದ್ದ. ಆದರೆ ಅವನು ಉಗ್ರಾಣದ ವಸ್ತುವಲ್ಲ.

ಕೈಗೆ ಸಿಕ್ಕಿದ್ದು ಸೇತುವೆಯ ತೊಲೆಗಳೇ. ಕ್ರೇನಿನಿಂದ ಅವುಗಳ ಒಂದು ತುದಿಯನ್ನು ಎತ್ತಿ, ಕೆಳಗೆ ಕಲ್ಲು ಜೋಡಿಸಿ, ಛಾವಣಿಗೆ ಆನಿಸಿ ನಿಲ್ಲಿಸಿದರು. ತೊಲೆಗಳ ಇನ್ನೊಂದು ತುದಿ ಅಂಗಳದ ನಡುವೆ ಚಾಚಿಕೊಂಡಿತು. ಇದು ತಾತ್ಕಾಲಿಕ ಎಂದು ಸಾಹೇಬರು ಹೇಳಿದರು. ತಾತ್ಕಾಲಿಕ ಎಂಬ ಮಾತು ಕೇಳಿದೊಡನೆ ಬಾಮೈದ ಗಾರೆ ಕಲಸಲು ಹೇಳಿದ.

ಆಮೇಲಿನ ತರ್ಕ ನೇರವಾದದ್ದು. ಸೇತುವೆಯನ್ನು ಕಾಲುವೆಗೆ ಒಯ್ದರೆ ಛಾವಣಿ ಬೀಳುತ್ತದೆ. ಛಾವಣಿ ಬಿದ್ದರೆ ಯಂತ್ರ ಜಜ್ಜಿಹೋಗುತ್ತದೆ. ಯಂತ್ರ ಜಜ್ಜಿಹೋದರೆ ಸೇತುವೆ ದುರಸ್ತಿ ಮಾಡಲಾಗದು. ಆದ್ದರಿಂದ ಸೇತುವೆಯ ದುರಸ್ತಿಗೋಸ್ಕರವೇ ಸೇತುವೆ ಕಾಲುವೆಗೆ ಹೋಗಬಾರದು. ಇದನ್ನು ಸಾಹೇಬರು ಮಂಡಿಸಿದಾಗ ಉಗ್ರಾಣಿಯ ಕಣ್ಣು ತುಂಬಿಬಂತು. ಬಾಮೈದ ಅಂಗಳದ ತುದಿಗೆ ಒಂದು ಕಲ್ಲುಕಟ್ಟೆ ಎಬ್ಬಿಸಿ, ಎರಡು ಕಡೆಗೂ ಮೆಟ್ಟಿಲು ಕಟ್ಟಿ, ಹಲಗೆ ಹಾಸಿ, ಕಂಬಿಗೆ ಹಸಿರು ಬಣ್ಣ ಬಳಿದ. ಹಲಗೆಗಳಿಗೆ ಬೋಲ್ಟು ಹಾಕಲಾಗಲಿಲ್ಲ. ಬೋಲ್ಟಿಗೆ ತೂತು ಬೇಕು. ವರ್ಷಕ್ಕೆ ಮಂಜೂರಾದ ತೂತುಗಳೆಲ್ಲ ಕಂಬದಲ್ಲಿ ಖರ್ಚಾಗಿದ್ದವೆಂದು ಆಗಷ್ಟೇ ಉಗ್ರಾಣಿಗೆ ನೆನಪಾಯಿತು. ಹಾಗಾಗಿ ತಂತಿಯಲ್ಲಿ ಕಟ್ಟಿದರು.

“ತಂತೀಲಿ ಕಟ್ಟೋದಾಗಿದ್ರೆ ಕಾಲುವೆ ಮೇಲೇ ಕಟ್ಟಬಹುದಿತ್ತಲ್ರೀ!” ಎಂದು ಆಗಲಿ ಸಾರ್ ಅವರ ಹೆಂಡತಿ ಹಣೆ ಚಚ್ಚಿಕೊಂಡರು. “ಒಂದು ಕಟ್ಟು ತಂತಿ, ಒಂದು ಇಕ್ಕಳ. ನಾನೇ ಕಟ್ತಿದ್ದೆ.”

“ಆಗ ತಾಂತ್ರಿಕವಾಗಿ ಅದು ಸರಿಯಾಗ್ತಿರಲಿಲ್ಲ.”

“ಈಗ ಸರಿಯಾಗಿದೆಯಾ?”

ಆಗಲಿ ಸಾರ್ ಓದುತ್ತಿದ್ದ ಪತ್ರಿಕೆಯನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದರು.

ಹೊಸ ಪ್ರಕಟಣೆ ಗೋಡೆ ಗೋಡೆಗೆ ಅಂಟಿತು:

‘ಕಾಲುಸೇತುವೆಯು ಉಪವಿಭಾಗದ ಅಂಗಳದಲ್ಲಿ ಸಾರ್ವಜನಿಕ ಬಳಕೆಗೆ ಸಿದ್ಧವಾಗಿದೆ. ಆ ದಡಕ್ಕೆ ಹೋಗುವವರು ಅಂಗಳದ ಸೇತುವೆಯನ್ನು ಬಲಗಡೆಯಿಂದ ಏರಿ ಎಡಗಡೆ ಇಳಿದು, ದಾಟಿದ್ದಕ್ಕೆ ಚೀಟಿ ಪಡೆಯತಕ್ಕದ್ದು. ಚೀಟಿ ಪಡೆದವರನ್ನು ಆ ದಡದಲ್ಲಿ ಇರುವವರೆಂದು ಪರಿಗಣಿಸಲಾಗುವುದು. ಮನೆಗೆ ಹಿಂದಿರುಗುವವರು ಅದೇ ರೀತಿ ಎಡದಿಂದ ಬಲಕ್ಕೆ ದಾಟತಕ್ಕದ್ದು. ಸೇತುವೆಯ ಕೆಳಗೆ ನಡೆದುಹೋಗುವುದು ಕಾಲುವೆಗೆ ಇಳಿದಂತೆ, ದಂಡಾರ್ಹ.’

ನಿಜವಾದ ಕಾಲುವೆಯಲ್ಲಿ ಬಾಮೈದ ಒಂದು ದೋಣಿ ಬಿಟ್ಟ. ಆದರೆ ಸೇತುವೆ ಇರುವಾಗ ದೋಣಿ ನಡೆಸಿದರೆ ಸೇತುವೆಗೆ ಅವಮಾನವಾಗುತ್ತದೆಂದು, ಚೀಟಿ ಇದ್ದವರನ್ನು ಮಾತ್ರ ಹತ್ತಿಸಬೇಕೆಂಬ ನಿಯಮ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದು ಹಳೆಯ ಮಾತು. ಇಲ್ಲಿ ಹೊಳೆ ದಾಟಿದ ಚೀಟಿ ತೋರಿಸಿದರೆ ಮಾತ್ರ ಅಂಬಿಗ. ಆ ನಿಯಮದ ಕೆಳಗೆ ರುಜು ಹಾಕಿದವರು ಆಗಲಿ ಸಾರ್.

ಜನ ಮೊದಲು ನಕ್ಕರು. ಆಮೇಲೆ ಬೈದರು. ಆಮೇಲೆ ಬೆಳಗ್ಗೆ ಬೇಗ ಎದ್ದು ಬಂದು ಸಾಲು ನಿಂತರು. ಮೇಷ್ಟ್ರು, ತರಕಾರಿಯವಳು, ಆಸ್ಪತ್ರೆಯ ನರ್ಸು, ಎಲ್ಲರೂ ಅಂಗಳಕ್ಕೆ ಬಂದು, ಮೆಟ್ಟಿಲು ಏರಿ, ಅಲ್ಲಾಡುವ ಹಲಗೆಗಳ ಮೇಲೆ ಕಂಬಿ ಹಿಡಿದು ನಡೆದು, ಇಳಿದು, ಚೀಟಿ ಪಡೆದು, ದೋಣಿಯ ಕಡೆ ಓಡುತ್ತಿದ್ದರು. ಸೇತುವೆಯ ನಡುವೆ ನಿಂತು ಕೆಳಗೆ ನೋಡುವವರೂ ಇದ್ದರು. ಕೆಳಗೆ ಉಪವಿಭಾಗದ ಸೈಕಲ್ಲುಗಳು ಕಾಣುತ್ತಿದ್ದವು.

ಹೀಗೆಲ್ಲ ಸುಸೂತ್ರವಾಗಿ ನಡೆಯುತ್ತಿರಲು ಒಂದು ಬೆಳಗ್ಗೆ ಆಗಲಿ ಸಾರ್ ಅವರ ಮಗಳಿಗೆ ನೋವು ಶುರುವಾಯಿತು.

ಆಟೋದಲ್ಲಿ ಮಗಳನ್ನು ಕೂರಿಸಿಕೊಂಡು ಗಂಡ ಹೆಂಡತಿ ನೇರವಾಗಿ ಕಾಲುವೆಯ ದಡಕ್ಕೆ ಬಂದರು. ಎದುರು ದಡದಲ್ಲಿ ಆಸ್ಪತ್ರೆಯ ಬಿಳಿ ಗೋಡೆ, ಕಿಟಕಿಯಲ್ಲಿ ಒಣಹಾಕಿದ ಹಸಿರು ಬಟ್ಟೆ ಕೂಡ ಕಾಣುತ್ತಿತ್ತು. ದೋಣಿ ಖಾಲಿ ನಿಂತಿತ್ತು.

“ಚೀಟಿ?” ಎಂದ ದೋಣಿಯವನು.

“ಅಯ್ಯೋ ಪುಣ್ಯಾತ್ಮ, ನೋಡೋಕೆ ಕಣ್ಣಿಲ್ವಾ? ನೋವು ತಿಂತಿದಾಳೆ!” ಎಂದರು ಹೆಂಡತಿ.

“ಕಣ್ಣಿದೆ ಅಕ್ಕಾ. ಆದ್ರೆ ನಿಯಮ. ಸಾರ್ ಅವರದ್ದೇ ರುಜು,” ಎಂದು ಅವನು ದೋಣಿಗೆ ಅಂಟಿಸಿದ್ದ ಕಾಗದ ತೋರಿಸಿದ. “ಸಾರ್ ಚೀಟಿ ಬೇಡ ಅಂದ್ರೆ ಬೇಡ. ಹೇಳಿ ಸಾರ್, ಬಿಟ್ಬಿಡ್ಲಾ?”

ಹೆಂಡತಿ ಗಂಡನ ಮುಖ ನೋಡಿದರು. ಮಗಳೂ ನೋಡಿದಳು, ಅಮ್ಮನ ತೋಳನ್ನು ಉಗುರು ಊರುವ ಹಾಗೆ ಹಿಡಿದುಕೊಂಡು. ಒಂದು ಮಾತು ಸಾಕಿತ್ತು. ಇಲಾಖೆಯಲ್ಲಿ ಇಡೀ ಆಯುಷ್ಯ ಸವೆಸಿದ ಆ ಮನುಷ್ಯನಿಗೆ ಮೊದಲ ಸಲ, ಯಾರನ್ನೂ ಕೇಳದೆ ಒಂದು ಮಾತು ಹೇಳುವ ಅವಕಾಶ ಬಂದಿತ್ತು. ಆಗಲಿ ಸಾರ್ ಕಾಗದವನ್ನು ನೋಡಿದರು. ಅದರ ಕೆಳಗಿದ್ದದ್ದು ಅವರದೇ ರುಜು, ಚೆನ್ನಾಗಿ ಬಿದ್ದಿತ್ತು.

“ಬೇಗ ಹೋಗಿ ದಾಟಿಬಿಡೋಣ,” ಎಂದರು. “ಈ ಹೊತ್ತಿಗೆ ಸಾಲು ಚಿಕ್ಕದಿರುತ್ತೆ.”

ಹೆಂಡತಿ ಮಗಳನ್ನು ಮತ್ತೆ ಆಟೋದಲ್ಲಿ ಕೂರಿಸಿದರು. ಮದುವೆಯಾದಾಗಿನಿಂದ ಅವರು ಗಂಡನನ್ನು ಬೈಯದೆ ಬಿಟ್ಟದ್ದು ಅದೊಂದೇ ಸಲ.

ಸಾಲು ಚಿಕ್ಕದೇ ಇತ್ತು. ಜನ ಒಳ್ಳೆಯವರು, ಬಸುರಿಗೆ ದಾರಿ ಬಿಟ್ಟರು. ಮಗಳು ಅಮ್ಮನ ಹೆಗಲಿಗೆ ಜೋತುಬಿದ್ದು ಬಲಗಡೆಯ ಮೆಟ್ಟಿಲು ಏರಿದಳು. ಒಂದೊಂದು ಹಲಗೆ ಎಗರಿದಾಗಲೂ ಕೂಗಿದಳು. ಉಗ್ರಾಣದ ಛಾವಣಿ ಕಿರ್ರೆಂದು ಅವಳಿಗೆ ಉತ್ತರ ಕೊಟ್ಟಿತು. ಸೇತುವೆಯ ನಡುಭಾಗ ದಾಟಿ ಸ್ವಲ್ಪ ಮುಂದೆ ಅವಳು ಕುಸಿದು ಕೂತಳು. ಅದೃಷ್ಟಕ್ಕೆ ಸಾಲಿನಲ್ಲಿದ್ದ ನರ್ಸು ಹಿಂದೆಯೇ ಇದ್ದಳು. ಆಸ್ಪತ್ರೆಯಲ್ಲಿರಬೇಕಾದ ಹೊತ್ತಿನಲ್ಲಿ ಅವಳೂ ಚೀಟಿಗೆ ಕಾಯುತ್ತಿದ್ದಳು. ಹೆಂಗಸರು ಸೀರೆ, ದುಪಟ್ಟಾ ಹಿಡಿದು ಮರೆ ಮಾಡಿದರು. ಗಂಡಸರು ಕೆಳಗೆ ಸೈಕಲ್ಲುಗಳ ನಡುವೆ ನಿಂತು, ಅದು ಕಾಲುವೆ ಎಂದು ನೆನಪಾಗಿ, ಪಕ್ಕಕ್ಕೆ ಸರಿದರು.

ಮಗುವಿನ ಅಳು ಕೇಳಿಸಿದಾಗ ಫಿಟ್ಟರ್ ಸ್ಟೂಲಿನಿಂದ ಎದ್ದು ನಿಂತ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸು ಮೇಲಿಂದಲೇ ಹೇಳಿದಳು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆಗಲಿ ಸಾರ್ ಕಂಬಿ ಹಿಡಿದುಕೊಂಡು ಅಳುತ್ತಿದ್ದರು. ಸಂತೋಷಕ್ಕೋ ನಾಚಿಕೆಗೋ ಅವರಿಗೇ ತಿಳಿಯದು, ತಿಳಿದುಕೊಳ್ಳುವ ಧೈರ್ಯವೂ ಅವರಿಗಿರಲಿಲ್ಲ.

ಸಾಹೇಬರು ಟೇಪು ತರಿಸಿ ಅಳೆಸಿದರು. ಹೆರಿಗೆಯಾದದ್ದು ಸೇತುವೆಯ ನಡುಗೆರೆಯಿಂದ ಎರಡು ಹಲಗೆ ಆಚೆಗೆ.

“ಅಂದ್ರೆ ಆ ದಡದಲ್ಲಿ,” ಎಂದರು ಸಾಹೇಬರು. “ಆಸ್ಪತ್ರೆ ಇರೋ ದಡದಲ್ಲಿ. ನೋಡಿದ್ರಾ, ಸೇತುವೆ ಕೆಲಸ ಮಾಡಿದೆ. ಮೇಲಿನವರು ಪರಿಶೀಲನೆಗೆ ಬರೋತನಕ ತಾಯಿ ಮಗು ಇಲ್ಲೇ ಇರಲಿ. ನರ್ಸಮ್ಮನೂ ಇಲ್ಲೇ ಇರಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿ ಸಿಗುತ್ತೆ? ಏನಂತೀರಿ?”

ಆಗಲಿ ಸಾರ್ ಕಣ್ಣೊರೆಸಿಕೊಂಡರು. “ಆಗಲಿ ಸಾರ್.”

ಸೇತುವೆಯ ಕೆಳಗೆ, ಉಗ್ರಾಣಕ್ಕೆ ತಾಗಿದ ನೆರಳಿನಲ್ಲಿ ಮಂಚ ಹಾಕಿದರು. ಪರದೆ ಕಟ್ಟಿದರು. 'ಕಾಲುವೆಗೆ ಇಳಿದವರು' ಎಂಬ ಆಕ್ಷೇಪ ಬಾರದಿರಲೆಂದು ಸಾಹೇಬರು ಆ ಜಾಗವನ್ನು ತಾತ್ಕಾಲಿಕವಾಗಿ ದಡವೆಂದು ಘೋಷಿಸಿದರು. ತೊಟ್ಟಿಲು ತೂಗುಹಾಕಲು ತೊಲೆಗೆ ಒಂದು ಕೊಕ್ಕೆ ಬೇಕಾಯಿತು. ಕೊಕ್ಕೆಗೆ ತೂತು ಬೇಕು. ತೂತು ಮುಂದಿನ ವರ್ಷಕ್ಕೆ. ಆಗ ಫಿಟ್ಟರ್ ಯಂತ್ರವನ್ನೇ ಎತ್ತಿ ತೊಲೆಯ ಅಡಿಗೆ ಹಿಡಿದು ಸ್ವಿಚ್ ಒತ್ತಿದ. ಟಪ್ಪೆಂದು ಕಚ್ಚಿಕೊಂಡಿತು. ಅದರ ಹಿಡಿಕೆಗೆ ತೊಟ್ಟಿಲಿನ ಹಗ್ಗ ಬಿಗಿದ. ಸೇತುವೆಯ ತೊಲೆಯನ್ನು ಯಂತ್ರ ಮುಟ್ಟಿದ್ದು ಅದೇ ಮೊದಲು.

ಹೆಂಡತಿ ತೊಟ್ಟಿಲನ್ನೂ ಯಂತ್ರವನ್ನೂ ಬಹಳ ಹೊತ್ತು ನೋಡಿದರು. ಈಗ ಇವಳು ಬಾಯಿ ಬಿಡುತ್ತಾಳೆ, ಇಡೀ ಅಂಗಳ ಕೇಳುವ ಹಾಗೆ ಬೈಯುತ್ತಾಳೆ ಎಂದುಕೊಂಡರು ಆಗಲಿ ಸಾರ್. ಬೈಯಲಿ ಎಂದು ಆಸೆಯೂ ಆಯಿತು. ಇಲಾಖೆಯ ಸುತ್ತಮುತ್ತ ಅಷ್ಟಾದರೂ ಬುದ್ಧಿ ನೆಟ್ಟಗಿದ್ದ ಜೀವ ಎಂದರೆ ಅದೊಂದೇ.

“ಕರೆಂಟ್ ಹೋದ್ರೆ?” ಎಂದು ಹೆಂಡತಿ ಕೇಳಿದರು.

“ಅದಕ್ಕೇ ಅಲ್ವೇನಮ್ಮ ಸರಪಳಿ ಇರೋದು,” ಎಂದರು ಉಗ್ರಾಣಿ. ಕಂಬದಿಂದ ಬಂದಿದ್ದ ಸರಪಳಿಯನ್ನು ತೊಲೆಗೆ ಒಂದು ಸುತ್ತು ಸುತ್ತಿ, ತೊಟ್ಟಿಲಿನ ಹಗ್ಗಕ್ಕೂ ಸೇರಿಸಿ ಬೀಗ ಹಾಕಿದರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೆಂಡತಿ ಸರಪಳಿಯನ್ನು ಒಂದು ಸಲ ಎಳೆದು ನೋಡಿದರು. ಬರಲಿಲ್ಲ. “ಹಾಗಾದ್ರೆ ಸರಿ,” ಎಂದರು.

ಸಂಜೆ ನರ್ಸನ್ನು ಮಗಳ ಹತ್ತಿರ ಬಿಟ್ಟು, ಬಟ್ಟೆಬರೆ ತರಲು ಇಬ್ಬರೂ ಮನೆಗೆ ಹೊರಟರು. ಆಗಲಿ ಸಾರ್ ಗೇಟಿನ ಕಡೆ ನಡೆದವರು ಹಿಂದೆ ಯಾರೂ ಬಾರದ್ದನ್ನು ಕಂಡು ತಿರುಗಿದರು. ಹೆಂಡತಿ ಸೇತುವೆಯ ಎಡಗಡೆಯ ಮೆಟ್ಟಿಲಿನ ಬುಡದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತಿದ್ದರು.

“ಹಾಗೇ ಎಲ್ಲಿಗ್ರೀ ಹೊರಟ್ರಿ?” ಎಂದು ಅವರು ಗದರಿದರು. “ನಾವಿನ್ನೂ ಆ ದಡದಲ್ಲೇ ಇದೀವಿ.”